ನಿದ್ದೆಯ ಮದ್ದು: ಹಕೀಮರ ಮನೆಯಿಂದ ಅಂಗಡಿಯ ಡಬ್ಬಿಯವರೆಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಔಷಧಿ ಅಂಗಡಿಗಳಲ್ಲಿ ಈಗ ಹೊಸ ಬಗೆಯ ಡಬ್ಬಿಗಳು ಕಾಣಸಿಗುತ್ತವೆ. ಒಂದರ ಮೇಲೆ ಅಶ್ವಗಂಧದ ಹೆಸರಿದೆ, ಇನ್ನೊಂದರ ಮೇಲೆ ಮೆಲಟೋನಿನ್, ಮತ್ತೊಂದರ ಮೇಲೆ ಮೆಗ್ನೀಷಿಯಂ. ಮೊಬೈಲ್ ತೆರೆದರೆ ಇವುಗಳದ್ದೇ ಜಾಹೀರಾತು. ಗಾಢ ನಿದ್ದೆ ಬರುತ್ತದೆ, ಚಿಂತೆ ದೂರವಾಗುತ್ತದೆ, ಗಿಡಮೂಲಿಕೆಯಾದ್ದರಿಂದ ಅಡ್ಡಪರಿಣಾಮವಿಲ್ಲ ಎಂಬ ಭರವಸೆ ಬೇರೆ. ಕೆಲವು ಡಬ್ಬಿಗಳ ಮೇಲೆ ‘ಯೂನಾನಿ’, ‘ತಿಬ್ಬೆ ನಬವಿ’ ಎಂಬ ಹೆಸರೂ ಇರುತ್ತದೆ. ಆ ಹೆಸರು ಕಂಡ ಕೂಡಲೇ ನಮ್ಮ ಮನೆಗಳಲ್ಲಿ ಹೆಚ್ಚಿನ ಪ್ರಶ್ನೆಗಳು ಏಳುವುದಿಲ್ಲ. ಹಿರಿಯರು ಬಳಸಿದ್ದು, ಹಾಗಾಗಿ ಒಳ್ಳೆಯದೇ ಎಂದು ನಂಬುತ್ತೇವೆ.

ಆದರೆ ಹಿರಿಯರು ನಿಜವಾಗಿ ಏನು ಬಳಸಿದರು? ಯಾವ ಕ್ರಮದಲ್ಲಿ, ಎಷ್ಟು ಎಚ್ಚರದಿಂದ ಬಳಸಿದರು? ಇತಿಹಾಸದ ಹೆಸರಿನಲ್ಲಿ ವ್ಯಾಪಾರ ನಡೆಯುವಾಗ ಆ ಇತಿಹಾಸವನ್ನೇ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ದುಃಖದ ಮನೆಯ ಗಂಜಿ

ಸೂರಃ ಅನ್ನಬಅ್‌ನಲ್ಲಿ ಅಲ್ಲಾಹನು ಮನುಷ್ಯನಿಗೆ ನೀಡಿದ ಅನುಗ್ರಹಗಳ ಸಾಲಿನಲ್ಲಿ ನಿದ್ದೆಯನ್ನೂ ಸೇರಿಸಿದ್ದಾನೆ. ಅಲ್ಲಿ ನಿದ್ದೆಯು ವಿಶ್ರಾಂತಿ, ರಾತ್ರಿಯು ಹೊದಿಕೆ. ಪ್ರವಾದಿ ಮುಹಮ್ಮದ್(ಸ) ಅವರು ಇಶಾ ನಮಾಝ್‌ಗೆ ಮುಂಚೆ ಮಲಗುವುದನ್ನೂ ಇಶಾದ ನಂತರ ಅನಗತ್ಯ ಮಾತುಕತೆಯಲ್ಲಿ ಕೂರುವುದನ್ನೂ ಇಷ್ಟಪಡುತ್ತಿರಲಿಲ್ಲ ಎಂಬುದು ಹದೀಸ್‌ಗಳಿಂದ ತಿಳಿಯುತ್ತದೆ. ರಾತ್ರಿಗೆ ಒಂದು ಕ್ರಮವಿತ್ತು; ಆ ಕ್ರಮವೇ ನಿದ್ದೆಯ ಮೊದಲ ಮದ್ದಾಗಿತ್ತು.

ಮನಸ್ಸಿನ ನೋವಿಗೆ ಆಹಾರದ ಉಪಶಮನದ ಬಗ್ಗೆ ನಮಗೆ ಸಿಗುವ ಪ್ರಸಿದ್ಧ ಉಲ್ಲೇಖ ತಲ್ಬೀನಾದ್ದು. ಜವೆಗೋಧಿಯ ಹಿಟ್ಟನ್ನು ಬೇಯಿಸಿ ಮಾಡುವ ತೆಳುವಾದ ಗಂಜಿ ಅದು. ಕೆಲವರು ಹಾಲು, ಜೇನು ಸೇರಿಸುತ್ತಾರೆ. ಹಝ್ರತ್ ಆಯಿಶಾ(ರ) ಅವರ ಕುಟುಂಬದಲ್ಲಿ ಸಾವು ಸಂಭವಿಸಿದಾಗ, ನೆರೆದಿದ್ದ ಮಹಿಳೆಯರು ಹೊರಟುಹೋಗಿ ಮನೆಯವರೂ ಆಪ್ತರೂ ಉಳಿದ ಮೇಲೆ, ಅವರು ತಲ್ಬೀನಾ ಬೇಯಿಸಲು ಹೇಳುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಅದು ರೋಗಿಯ ಮನಸ್ಸಿಗೆ ನೆಮ್ಮದಿ ಕೊಡುತ್ತದೆ, ದುಃಖದ ಒಂದಿಷ್ಟನ್ನು ಕಡಿಮೆ ಮಾಡುತ್ತದೆ ಎಂಬುದು ಆ ಹದೀಸ್‌ನ ಸಾರ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಒಂದು, ‘ಒಂದಿಷ್ಟು’ ಎಂಬ ಮಾತು. ದುಃಖವೆಲ್ಲ ಮಾಯವಾಗುತ್ತದೆ ಎಂದು ಅಲ್ಲಿ ಹೇಳಿಲ್ಲ. ಇಂದಿನ ಡಬ್ಬಿಗಳ ಭರವಸೆಯ ಪಕ್ಕದಲ್ಲಿ ಈ ಮಿತವಾದ ಮಾತನ್ನಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇನ್ನೊಂದು, ಆ ಗಂಜಿಯನ್ನು ಕುಡಿಯುವವರು ಒಂಟಿಯಾಗಿರಲಿಲ್ಲ. ಬೇಯಿಸುವವರಿದ್ದರು, ಬಡಿಸುವವರಿದ್ದರು, ಪಕ್ಕದಲ್ಲಿ ಕೂತವರಿದ್ದರು. ಜವೆಗೋಧಿಯನ್ನು ಮಾತ್ರ ಎತ್ತಿಕೊಂಡು ಡಬ್ಬಿಗೆ ತುಂಬಿದರೆ ಆ ಮದ್ದಿನ ಅರ್ಧ ಭಾಗ ಹೊರಗೇ ಉಳಿಯುತ್ತದೆ.

ಔಷಧಿಗೆ ಮೂರನೇ ಸ್ಥಾನ

ಗ್ರೀಕರ ವೈದ್ಯವಿದ್ಯೆಯನ್ನು ಅರಬಿ ಭಾಷೆಗೆ ತಂದು, ಪರೀಕ್ಷಿಸಿ, ಬೆಳೆಸಿದ ಪರಂಪರೆಯೇ ಯೂನಾನಿ. ಇಬ್ನ್ ಸೀನಾ (980–1037) ಅವರ ‘ಅಲ್ ಖಾನೂನ್’ ಅದರ ಮುಖ್ಯ ಗ್ರಂಥ. ಈ ಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯ ಸಂಗತಿಗಳನ್ನು ಹೇಳುತ್ತಾರೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಹೊರಹೋಗಬೇಕಾದದ್ದು ಮತ್ತು ಉಳಿಯಬೇಕಾದದ್ದು. ಆರರಲ್ಲಿ ಎರಡು ನೇರವಾಗಿ ನಮ್ಮ ವಿಷಯಕ್ಕೇ ಸೇರಿದವು. ನಿದ್ದೆ ಕೆಟ್ಟವನ ಬಳಿ ಹಕೀಮರು ಮೊದಲು ಕೇಳುತ್ತಿದ್ದದ್ದು ಉಳಿದ ಐದರ ಬಗ್ಗೆ. ಏನು ತಿನ್ನುತ್ತೀಯ, ಎಷ್ಟು ದುಡಿಯುತ್ತೀಯ, ಯಾವ ಚಿಂತೆ ಕಾಡುತ್ತಿದೆ, ಹೊಟ್ಟೆ ಸರಿಯಿದೆಯೇ, ಮಲಗುವ ಜಾಗದಲ್ಲಿ ಗಾಳಿ ಆಡುತ್ತದೆಯೇ?

ಚಿಕಿತ್ಸೆಗೂ ಒಂದು ಮೆಟ್ಟಿಲಿತ್ತು. ಮೊದಲು ದಿನಚರಿ ಸರಿಪಡಿಸುವುದು. ಸ್ನಾನ, ಎಣ್ಣೆ ಹಚ್ಚಿ ತಿಕ್ಕುವುದು, ವ್ಯಾಯಾಮ ಇವೆಲ್ಲ ಇದರಲ್ಲಿ ಬರುತ್ತವೆ. ಎರಡನೆಯದು ಪಥ್ಯ, ಅಂದರೆ ಆಹಾರದಿಂದಲೇ ಗುಣಪಡಿಸುವುದು. ಔಷಧಿ ಮೂರನೆಯದು. ಶಸ್ತ್ರಚಿಕಿತ್ಸೆ ಕೊನೆಯದು. ಆಹಾರದಿಂದ ಗುಣವಾಗುವ ಕಾಯಿಲೆಗೆ ಔಷಧಿ ಕೊಡಬಾರದು ಎಂಬುದು ಅಬೂಬಕರ್ ಅಲ್ ರಾಝಿ (865–925) ಅವರ ನಿಲುವಾಗಿತ್ತು.

ನಿದ್ರಾಹೀನತೆಗೆ ಯೂನಾನಿಯಲ್ಲಿ ‘ಸಹರ್’ ಎಂದು ಹೆಸರು. ಮಿದುಳಿನಲ್ಲಿ ಒಣತನ ಹೆಚ್ಚಾಗುವುದು ಇದಕ್ಕೊಂದು ಮುಖ್ಯ ಕಾರಣವೆಂದು ಹಕೀಮರು ತಿಳಿದಿದ್ದರು. ಹಾಗಾಗಿ ತಂಪು ಮತ್ತು ಜಿಡ್ಡಿನ ಉಪಚಾರ: ತಲೆಗೆ ರೋಗನೆ ಕಾಹೂ, ಅಂದರೆ ಲೆಟ್ಯೂಸ್ ಬೀಜದ ಎಣ್ಣೆ; ಕುಡಿಯಲು ಗಸಗಸೆಯ ಶರಬತ್ತು; ಹೃದಯಕ್ಕೂ ಮನಸ್ಸಿಗೂ ಬಲ ಕೊಡಲು ಖಮೀರಾ ಗಾವ್‌ಜಬಾನ್. ಲ್ಯಾವೆಂಡರ್ ಜಾತಿಯ ಉಸ್ತುಖುದ್ದೂಸ್ ಎಂಬ ಹೂವಿಗೆ ‘ಮಿದುಳಿನ ಪೊರಕೆ’ ಎಂದೇ ಹೆಸರಿಟ್ಟಿದ್ದರು. ಒಣತನದ ಆ ವಿವರಣೆಯನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಮೊದಲು ದಿನಚರಿ, ಆಮೇಲೆ ಊಟ, ಆಮೇಲೆ ಮದ್ದು ಎಂಬ ಕ್ರಮವನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಮಲಗುವ ಅಭ್ಯಾಸವನ್ನೂ ಯೋಚನೆಯ ರೀತಿಯನ್ನೂ ತಿದ್ದುವ ಚಿಕಿತ್ಸೆಯನ್ನೇ ಅವರು ಸೂಚಿಸುತ್ತಾರೆ.

ನಮ್ಮ ಕನ್ನಡದ ಅಡುಗೆಮನೆಗೂ ಈ ಕ್ರಮ ಹೊಸದಲ್ಲ. ಗಸಗಸೆ ಪಾಯಸ ಕುಡಿದವರಿಗೆ ಕಣ್ಣು ಎಳೆಯುತ್ತದೆ ಎಂಬುದು ಮನೆಮಾತು. ಒಂದೆಲಗದ ಚಟ್ನಿ, ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ, ಹಾಲಿಗೆ ಚೂರು ಜಾಯಿಕಾಯಿ, ಇವನ್ನು ಹಿಂದೂ ಮನೆಯ ಅಜ್ಜಿಯೂ ನಮ್ಮ ಮನೆಯ ನಾನಿಯೂ ಒಂದೇ ಗ್ರಂಧಿಗೆ ಅಂಗಡಿಯಿಂದ ಸಾಮಾನು ತರಿಸಿ ಮಾಡಿದರು. ಇನ್ನೊಂದನ್ನೂ ನೆನೆಯಬೇಕು. ಈ ಸೀಮೆಯ ಪಿಂಜಾರ, ನದಾಫ್ ಕುಟುಂಬಗಳು ಬಿಲ್ಲು ಹಿಡಿದು ಹತ್ತಿ ಹಿಂಜಿ, ಹಾಸಿಗೆ ದಿಂಬು ಹೊಲಿದುಕೊಟ್ಟು ಊರಿಗೆಲ್ಲ ನಿದ್ದೆ ಕೊಟ್ಟವು. ಇದು ನಿದ್ದೆಗಾಗಿ ನಮ್ಮವರು ಮಾಡಿದ ಹಳೆಯ ಸೇವೆ.

ಮನಸ್ಸಿಗೂ ಕಾಯಿಲೆ ಬರುತ್ತದೆ ಎಂದ ಅಲ್ ಬಲ್ಖಿ

ಅಲ್ ರಾಝಿಯ ಕಾಲದಲ್ಲೇ ಬದುಕಿದ್ದ ಅಬೂ ಝೈದ್ ಅಲ್ ಬಲ್ಖಿ (850–934) ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದವರು. ‘ದೇಹಗಳ ಮತ್ತು ಆತ್ಮಗಳ ಹಿತ’ ಎಂಬ ಅರ್ಥದ ಶೀರ್ಷಿಕೆಯ ಅವರ ಗ್ರಂಥ ಎರಡು ಭಾಗಗಳಲ್ಲಿದೆ. ಒಂದು ದೇಹಕ್ಕೆ, ಇನ್ನೊಂದು ಮನಸ್ಸಿಗೆ. ಕೋಪ, ಭಯ, ದುಃಖ ಮತ್ತು ಬಿಡದೆ ಕಾಡುವ ವಸ್ವಸಾ ಎಂದು ಮನಸ್ಸಿನ ಬಾಧೆಗಳನ್ನು ಅವರು ಬೇರೆ ಬೇರೆಯಾಗಿ ವಿವರಿಸಿದರು. ಮನೆಯಲ್ಲಿ ತುರ್ತಿಗೆಂದು ಔಷಧಿ ಇಟ್ಟುಕೊಳ್ಳುವ ಹಾಗೆ, ಮನಸ್ಸು ಆರೋಗ್ಯವಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು, ಭಯ ಮುತ್ತಿದಾಗ ಅವು ನೆರವಿಗೆ ಬರುತ್ತವೆ ಎಂಬುದು ಅವರ ಸಲಹೆ.

ಅವರ ಇನ್ನೊಂದು ವಿಂಗಡಣೆ ನಮ್ಮ ಕುಟುಂಬಗಳಿಗೆ ಇಂದು ಬಹಳ ಬೇಕಾದದ್ದು. ದುಃಖದಲ್ಲಿ ಎರಡು ಬಗೆ ಎಂದರು ಬಲ್ಖಿ. ಒಂದು, ಕಾರಣ ತಿಳಿದಿರುವ ದುಃಖ: ಆಪ್ತರು ತೀರಿಕೊಂಡದ್ದು, ಹಣ ಕಳೆದುಕೊಂಡದ್ದು. ಇದಕ್ಕೆ ಮಾತು, ಸಾಂತ್ವನ, ಆಲೋಚನೆ ಮದ್ದು. ಇನ್ನೊಂದು, ಯಾವ ಕಾರಣವೂ ಕಾಣದೆ ಕವಿಯುವ ದುಃಖ. ಇದರ ಮೂಲ ದೇಹದಲ್ಲಿದೆ, ಇದಕ್ಕೆ ವೈದ್ಯರ ಚಿಕಿತ್ಸೆಯೂ ಬೇಕು ಎಂದು ಅವರು ಬರೆದರು. ಅಂದರೆ ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಮುಸ್ಲಿಮ್ ವಿದ್ವಾಂಸರು, ಖಿನ್ನನಾದ ಮನುಷ್ಯನನ್ನು ‘ಈಮಾನ್ ಕಡಿಮೆಯಾಗಿದೆ’ ಎಂದು ಗದರಿಸಲಿಲ್ಲ. ಹಕೀಮರ ಬಳಿ ಕಳಿಸಿದರು. ನಮ್ಮಲ್ಲಿ ಇಂದಿಗೂ ಎಷ್ಟೋ ತಾಯಂದಿರು, ಎಷ್ಟೋ ಯುವಕರು ಆ ಒಂದು ಮಾತಿಗೆ ಅಂಜಿ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಯಾರಿಗೂ ತಿಳಿಯದಂತೆ ಡಬ್ಬಿ ತರಿಸಿಕೊಳ್ಳುವುದರ ಹಿಂದೆ ಈ ಅಂಜಿಕೆಯೂ ಇದೆ.

ಎದಿರ್ನೆಯಿಂದ ಬೀದರ್‌ವರೆಗೆ

ಈ ತಿಳಿವಳಿಕೆ ಪುಸ್ತಕದಲ್ಲೇ ಉಳಿಯಲಿಲ್ಲ. 1154ರಲ್ಲಿ ನೂರುದ್ದೀನ್ ಡಮಾಸ್ಕಸ್‌ನಲ್ಲಿ, 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಗಳು ವಕ್ಫ್ ಆದಾಯದಿಂದ ನಡೆದವು. ಅಲ್ಲಿ ಮನೋರೋಗಿಗಳಿಗೂ ಜಾಗವಿತ್ತು. 1488ರಲ್ಲಿ ಎರಡನೇ ಬಾಯಜೀದ್ ತುರ್ಕಿಯ ಎದಿರ್ನೆಯಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಅಂಥ ರೋಗಿಗಳಿಗೆ ಸಂಗೀತ ಕೇಳಿಸುತ್ತಿದ್ದರು, ಹೂವಿನ ಪರಿಮಳ ಕೊಡುತ್ತಿದ್ದರು ಎಂದು 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿದ್ದಾರೆ. ಕಟ್ಟಡದ ನಡುವಿನ ಕಾರಂಜಿಯ ನೀರಿನ ಸದ್ದೂ ಚಿಕಿತ್ಸೆಯ ಭಾಗವಾಗಿತ್ತು.

ನಮ್ಮ ಕರ್ನಾಟಕವೂ ಇದರಲ್ಲಿ ಹಿಂದೆ ಉಳಿದಿರಲಿಲ್ಲ. ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ (ಆಳ್ವಿಕೆ 1436–1458) ಬೀದರಿನಲ್ಲಿ ದೊಡ್ಡದೊಂದು ದಾರುಶ್ಶಿಫಾ ಕಟ್ಟಿಸಿ, ಅದರ ಖರ್ಚಿಗೆ ಗ್ರಾಮಗಳ ಆದಾಯವನ್ನು ಬಿಟ್ಟುಕೊಟ್ಟ. ಹಿಂದೂ ವೈದ್ಯರನ್ನೂ ಮುಸ್ಲಿಮ್ ಹಕೀಮರನ್ನೂ ಅಲ್ಲಿ ನೇಮಿಸಿದ. ಇದನ್ನು ದಾಖಲಿಸಿದ ಇತಿಹಾಸಕಾರ ಫಿರಿಶ್ತಾ 1589ರಲ್ಲಿ ಬಿಜಾಪುರದ ಆದಿಲ್‌ಶಾಹಿ ಆಸ್ಥಾನಕ್ಕೆ ಬಂದವರು. ಇತಿಹಾಸ ಬರೆದಷ್ಟಕ್ಕೆ ಅವರು ನಿಲ್ಲಲಿಲ್ಲ. ಭಾರತದ ವೈದ್ಯ ಪದ್ಧತಿ ಮತ್ತು ಇಲ್ಲಿನ ಔಷಧಿಗಳ ಬಗ್ಗೆ ಪರ್ಷಿಯನ್ ಭಾಷೆಯಲ್ಲಿ ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥವನ್ನೂ ಬರೆದರು. ಪರ್ಷಿಯನ್ ಬಲ್ಲ ಹಕೀಮರಿಗೆ ಈ ನೆಲದ ಬೇರು, ಎಲೆ, ಬೀಜಗಳ ಗುಣ ತಿಳಿಯಲು ಇಂಥ ಗ್ರಂಥಗಳು ದಾರಿಯಾದವು. ಯೂನಾನಿ ಮತ್ತು ಆಯುರ್ವೇದ ಎದುರಾಳಿಗಳಲ್ಲ, ಕೊಡುಕೊಳ್ಳುವ ನೆರೆಯವರು ಎಂಬುದಕ್ಕೆ ನಮ್ಮದೇ ನಾಡಿನ ಸಾಕ್ಷಿಯಿದು.

ಅಫೀಮಿನ ಪಾಠ

ಗಿಡಮೂಲಿಕೆಯಾದರೆ ಅಪಾಯವಿಲ್ಲ ಎಂಬ ಮಾತನ್ನು ಆ ಹಕೀಮರು ಎಂದೂ ಹೇಳಿದವರಲ್ಲ. ಅವರ ಕೈಯಲ್ಲಿದ್ದ ಅತಿ ಪ್ರಬಲ ನಿದ್ದೆಯ ಮದ್ದು ಅಫೀಮು. ಅದೂ ಗಿಡದ ಹಾಲೇ. ಅಲ್ ಬಿರೂನಿ (ಜನನ 973) ತಮ್ಮ ಔಷಧ ಗ್ರಂಥ ‘ಕಿತಾಬುಸ್ ಸೈದನಾ’ದಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಬಿಸಿಲಿನ ನಾಡುಗಳಲ್ಲಿ, ಮುಖ್ಯವಾಗಿ ಮಕ್ಕಾದಲ್ಲಿ, ಜನರು ಚಿಂತೆ ಮರೆಯಲು, ಸೆಕೆ ತಡೆಯಲು, ಗಾಢವಾಗಿ ಮಲಗಲು ದಿನಾ ಅಫೀಮು ತೆಗೆದುಕೊಳ್ಳುವ ಅಭ್ಯಾಸಕ್ಕೆ ಬೀಳುತ್ತಾರೆ. ಚಿಕ್ಕ ಪ್ರಮಾಣದಿಂದ ಆರಂಭಿಸಿ, ಪ್ರಾಣ ತೆಗೆಯಬಲ್ಲಷ್ಟು ಪ್ರಮಾಣಕ್ಕೆ ಏರಿಸುತ್ತ ಹೋಗುತ್ತಾರೆ ಎಂದು ಅವರು ಗಮನಿಸಿದ್ದರು. ಇಂದು ನಾವು ಚಟ ಎನ್ನುವುದನ್ನು ಅವರು ಸಾವಿರ ವರ್ಷದ ಹಿಂದೆಯೇ ಹೀಗೆ ಗುರುತಿಸಿದರು.

ಕಲಬೆರಕೆಯ ಮೇಲೂ ಕಣ್ಣಿತ್ತು. ಪಟ್ಟಣಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಅಂಗಡಿಗಳ ತೂಕ, ಅಳತೆ, ಸರಕನ್ನು ಪರೀಕ್ಷಿಸುತ್ತಿದ್ದ. ಅವನಿಗೆಂದು 12ನೇ ಶತಮಾನದಲ್ಲಿ ಅಲ್ ಶೈಝರಿ ಬರೆದ ಕೈಪಿಡಿಯಲ್ಲಿ ಅಫೀಮಿಗೆ ಬೇರೆ ಗಿಡದ ರಸ, ಅಂಟು ಬೆರೆಸುವ ಮೋಸವನ್ನು ವಿವರಿಸಿದೆ. ಔಷಧಿ ಮಾರುವವನ ಮಾತನ್ನಷ್ಟೇ ನಂಬಬೇಡ, ಪರೀಕ್ಷಿಸು ಎಂಬುದು ಆ ಆಡಳಿತದ ನೀತಿಯಾಗಿತ್ತು.

ಇದೇ ಗಿಡದ ಬೀಜವೇ ನಮ್ಮ ಗಸಗಸೆ. ಬೀಜದಲ್ಲಿ ಅಫೀಮಿನ ಅಂಶ ಅತ್ಯಲ್ಪವಾದ್ದರಿಂದ ನಮ್ಮ ದೇಶದಲ್ಲಿ ಅದು ಅಡುಗೆಯ ಸಾಮಾನು. ಆದರೆ ಸೌದಿ ಅರೇಬಿಯಾ, ಯುಎಇಯಂಥ ದೇಶಗಳಲ್ಲಿ ಗಸಗಸೆಯೇ ನಿಷಿದ್ಧ. ಉಮ್ರಾಗೆ ಹೋಗುವವರು, ಗಲ್ಫ್‌ನಲ್ಲಿ ದುಡಿಯುವ ಮಕ್ಕಳಿಗೆ ಮಸಾಲೆ ಕಟ್ಟಿ ಕಳಿಸುವವರು ಇದನ್ನು ನೆನಪಿಡಬೇಕು. ಒಂದು ಪೊಟ್ಟಣ ಗಸಗಸೆ ಜೈಲಿನವರೆಗೆ ಕೊಂಡೊಯ್ಯಬಹುದು.

ಸರ್ಪಗಂಧಿಯ ಕಥೆ

ನಿದ್ದೆಯ ಮೂಲಿಕೆಗಳಲ್ಲಿ ಜಗತ್ತನ್ನೇ ಸುತ್ತಿ ಬಂದದ್ದು ಸರ್ಪಗಂಧಿ. ಮಲೆನಾಡಿನಂಥ ತೇವದ ಕಾಡಿನ ನೆರಳಲ್ಲಿ ಬೆಳೆಯುವ ಗಿಡ; ನಮ್ಮ ಬಯಲುಸೀಮೆಗೆ ಅದರ ಬೇರು ಗ್ರಂಧಿಗೆ ಅಂಗಡಿಯ ಮೂಲಕವೇ ಬರಬೇಕು. ಯೂನಾನಿ ಹಕೀಮರು ಇದನ್ನು ‘ಅಸ್ರೋಲ್’ ಎಂದು ಕರೆದರು. ಉತ್ತರ ಭಾರತದಲ್ಲಿ ‘ಪಾಗಲ್ ಕಿ ದವಾ’, ಅಂದರೆ ಹುಚ್ಚಿನ ಮದ್ದು ಎಂದೇ ಅದರ ಹೆಸರು.

ಇದರ ವೈಜ್ಞಾನಿಕ ಹೆಸರು ರಾವುಲ್ಫಿಯಾ. ಲಿಯೊನಾರ್ಡ್ ರಾವುಲ್ಫ್ ಎಂಬ ಜರ್ಮನ್ ವೈದ್ಯರ ನೆನಪಿಗೆ ಇಟ್ಟದ್ದು. 1573ರಲ್ಲಿ ಹೊರಟು ಹಲಬ್, ಬಗ್ದಾದ್‌ಗಳನ್ನು ಸುತ್ತಿದ ಇವರು, ಅಲ್ಲಿನ ಜನ ಬೆಳಗ್ಗೆ ಕುಡಿಯುತ್ತಿದ್ದ ಕಪ್ಪು ಪಾನೀಯದ ಬಗ್ಗೆ ಬರೆದ ಮೊದಲ ಯುರೋಪಿಯನ್ನರಲ್ಲಿ ಒಬ್ಬರು. ಅದೇ ಕಾಫಿ. ಯಮನ್‌ನ ಸೂಫಿಗಳು ರಾತ್ರಿಯ ಝಿಕ್ರ್‌ಗೆ ಎಚ್ಚರವಾಗಿರಲು ಕುಡಿಯುತ್ತಿದ್ದ ಕಾಫಿಯ ಏಳು ಬೀಜಗಳನ್ನು ಬಾಬಾಬುಡನ್ ಅವರು ನಮ್ಮ ನೆರೆಯ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಕ್ಕೆ ತಂದರು ಎಂಬುದು ಐತಿಹ್ಯ. ನಿದ್ದೆ ಕೊಡುವ ಬೇರಿಗೆ, ನಿದ್ದೆ ಓಡಿಸುವ ಪಾನೀಯವನ್ನು ಯುರೋಪಿಗೆ ಪರಿಚಯಿಸಿದವರ ಹೆಸರು! ಸಂಜೆಯ ಮೇಲೆ ಎರಡು ಮೂರು ಲೋಟ ಕಾಫಿ, ಚಹಾ ಕುಡಿದು, ರಾತ್ರಿ ನಿದ್ದೆಯ ಮಾತ್ರೆ ಹುಡುಕುವ ನಮಗೂ ಇದರಲ್ಲಿ ಒಂದು ಪಾಠವಿದೆ.

ಸರ್ಪಗಂಧಿಯ ಆಧುನಿಕ ಕಥೆ ಆರಂಭವಾಗುವುದು ದಿಲ್ಲಿಯಲ್ಲಿ. ಹಕೀಮ್ ಅಜ್ಮಲ್ ಖಾನ್ (1868–1927) ಸ್ವಾತಂತ್ರ್ಯ ಹೋರಾಟಗಾರರು, ಅಪ್ರತಿಮ ಯೂನಾನಿ ವೈದ್ಯರು. ಅವರು ಕಟ್ಟಿದ ಆಯುರ್ವೇದ ಮತ್ತು ಯೂನಾನಿ ತಿಬ್ಬಿಯಾ ಕಾಲೇಜನ್ನು 1921ರ ಫೆಬ್ರವರಿಯಲ್ಲಿ ಗಾಂಧೀಜಿ ಉದ್ಘಾಟಿಸಿದರು. ಹಳೆಯ ಔಷಧಿಗಳನ್ನು ಹಳೆಯದೆಂಬ ಕಾರಣಕ್ಕೆ ಹೊಗಳಿದರೆ ಸಾಲದು, ಪ್ರಯೋಗಶಾಲೆಯಲ್ಲಿ ಪರೀಕ್ಷೆಗೊಡ್ಡಬೇಕು ಎಂಬುದು ಅಜ್ಮಲ್ ಖಾನ್ ಅವರ ದೃಢ ನಿಲುವು. ಅದಕ್ಕಾಗಿ ಜರ್ಮನಿಯಲ್ಲಿ ರಸಾಯನಶಾಸ್ತ್ರ ಕಲಿತ ಯುವ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಖಿ (1897–1994) ಅವರಿಗೆ ಸಂಶೋಧನೆಯ ಹೊಣೆ ಒಪ್ಪಿಸಿದರು. ಅಜ್ಮಲ್ ಖಾನ್ 1927ರ ಡಿಸೆಂಬರ್‌ನಲ್ಲಿ ನಿಧನರಾದರು. ಕೆಲಸ ನಿಲ್ಲಲಿಲ್ಲ. 1931ರಲ್ಲಿ ಸಿದ್ದೀಖಿ ಮತ್ತು ಅವರ ಸಹೋದ್ಯೋಗಿ ರಫತ್ ಹುಸೇನ್ ಸಿದ್ದೀಖಿ ಸರ್ಪಗಂಧಿಯ ಬೇರಿನಿಂದ ಹಲವು ಕ್ಷಾರಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮರ ನೆನಪಿನಲ್ಲಿ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಹೃದಯದ ಬಡಿತದ ಒಂದು ಅಪರೂಪದ ದೋಷವನ್ನು ಪತ್ತೆಹಚ್ಚಲು ಅದನ್ನು ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ.

ಅದೇ 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಈ ಬೇರು ಉನ್ಮಾದವನ್ನು ತಗ್ಗಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ ಎಂದು ವರದಿ ಮಾಡಿದರು. 1949ರಲ್ಲಿ ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರ ಲೇಖನ ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು. 1952ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಇದರಿಂದ ರೆಸರ್ಪಿನ್ ಬೇರ್ಪಡಿಸಿದರು. ಎರಡೇ ವರ್ಷದಲ್ಲಿ ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ಅದರ ಬಳಕೆ ಶುರುವಾಯಿತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರೆಸರ್ಪಿನ್ ಪಡೆದ ಕೆಲವರು ತೀವ್ರ ಖಿನ್ನತೆಗೆ ಜಾರಿದ ವರದಿಗಳು ಬಂದವು. ಮಂಪರು, ರಕ್ತದೊತ್ತಡ ಅತಿಯಾಗಿ ಇಳಿಯುವುದು ಮುಂತಾದ ತೊಂದರೆಗಳೂ ಕಂಡವು. ಹೆಚ್ಚು ಸುರಕ್ಷಿತ ಔಷಧಿಗಳು ಬಂದಂತೆ ಅದು ಹಿಂದೆ ಸರಿಯಿತು. ಇತ್ತ ಬೇರಿಗಾಗಿ ಗಿಡವನ್ನೇ ಕಿತ್ತು ಮಾರಿದ್ದರಿಂದ ಕಾಡಿನಲ್ಲಿ ಸರ್ಪಗಂಧಿ ವಿರಳವಾಯಿತು. 1990ರಲ್ಲಿ ಅದನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿ ವ್ಯಾಪಾರಕ್ಕೆ ಕಡಿವಾಣ ಹಾಕಬೇಕಾಯಿತು. ಚಿಂತೆ ಕಳೆಯಬೇಕಾದ ಮದ್ದೇ ಕೆಲವರಿಗೆ ಖಿನ್ನತೆ ತಂದಿತು ಎಂಬುದನ್ನು ‘ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ’ ಎನ್ನುವವರ ಮುಂದೆ ಇಡಬೇಕು. ಕೆಲಸ ಮಾಡುವ ಶಕ್ತಿಯಿರುವ ಮದ್ದಿಗೆ ಕೆಡಿಸುವ ಶಕ್ತಿಯೂ ಇರುತ್ತದೆ. ಅಜ್ಮಲ್ ಖಾನ್ ಪರೀಕ್ಷೆಗೆ ಒತ್ತು ಕೊಟ್ಟದ್ದು ಏಕೆಂಬುದು ಇಲ್ಲಿ ಅರ್ಥವಾಗುತ್ತದೆ.

ಜಾಹೀರಾತು ಮತ್ತು ಕಾನೂನು

ಹಕೀಮರು ನಾಡಿ ನೋಡಿ, ಮಾತಾಡಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಮದ್ದು ಕೊಡುತ್ತಿದ್ದ ಕಾಲ ಹೋಗಿ, ಎಲ್ಲರಿಗೂ ಒಂದೇ ಬಾಟಲಿ ಮಾರುವ ಕಾಲ ಬಂತು. ಬಾಟಲಿ ಮಾರಲು ಜಾಹೀರಾತು ಬೇಕಾಯಿತು. 1954ರಲ್ಲಿ ಕೇಂದ್ರ ಸರಕಾರ ಔಷಧಿಗಳ ಆಕ್ಷೇಪಾರ್ಹ ಜಾಹೀರಾತು ತಡೆಯುವ ಕಾಯ್ದೆ ತಂದಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ 1906ರಲ್ಲಿ ದಿಲ್ಲಿಯಲ್ಲಿ ಆರಂಭವಾದ, ನಮ್ಮೆಲ್ಲರಿಗೂ ಪರಿಚಿತವಾದ ಹಮ್‌ದರ್ದ್ ದವಾಖಾನಾ ಕೂಡ ಇತ್ತು. 1959ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಕಾಯ್ದೆಯ ಕೆಲವು ಭಾಗಗಳನ್ನು ಕೋರ್ಟ್ ರದ್ದುಗೊಳಿಸಿತು. ಆದರೆ ಜನರು ವೈದ್ಯರನ್ನು ಕಾಣದೆ ತಾವೇ ಔಷಧಿ ತೆಗೆದುಕೊಳ್ಳುವಂತೆ ಮಾಡುವ ಇಂಥ ವ್ಯಾಪಾರಿ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಸಿಗದು ಎಂಬ ಮೂಲ ವಿಷಯವನ್ನು ಎತ್ತಿಹಿಡಿಯಿತು.

ಇಂದಿನ ಡಬ್ಬಿಗಳಲ್ಲಿ ಎರಡು ಬಗೆಯಿದೆ. ಒಂದು, ಆಯುರ್ವೇದ ಅಥವಾ ಯೂನಾನಿ ಔಷಧಿಯೆಂದು ಪರವಾನಗಿ ಪಡೆದದ್ದು. ಇದು 1940ರ ಔಷಧ ಕಾಯ್ದೆಯಡಿ ಬರುತ್ತದೆ. ಅಫೀಮು, ಭಂಗಿ, ದತ್ತೂರಿಯಂಥ ವಿಷವಸ್ತುಗಳಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಚೀಟಿಯಲ್ಲಿ ಮುದ್ರಿಸಬೇಕು. ಇನ್ನೊಂದು, ಪೂರಕ ಆಹಾರವೆಂದು ಆಹಾರ ಸುರಕ್ಷತಾ ಪ್ರಾಧಿಕಾರದಡಿ ಮಾರುವಂಥದ್ದು. 2016ರ ನಿಯಮದ ಪ್ರಕಾರ ಇದರ ಮೇಲೆ ‘ಔಷಧಿಯಾಗಿ ಬಳಸುವುದಕ್ಕಲ್ಲ’ ಎಂದು ಬರೆದಿರಬೇಕು. ಡಬ್ಬಿಯ ಮುಂಭಾಗದಲ್ಲಿ ದೊಡ್ಡಕ್ಷರದ ಭರವಸೆ, ಹಿಂಭಾಗದಲ್ಲಿ ಸಣ್ಣಕ್ಷರದ ಈ ಸಾಲು. ನಾವು ಓದಬೇಕಾದದ್ದು ಹಿಂಭಾಗವನ್ನು.

ಹಿರೇಮದ್ದಿನ ಸೀಮೆ

ಈಗ ಪ್ರಪಂಚದಾದ್ಯಂತ ಮಾರಾಟವಾಗುತ್ತಿರುವ ಅಶ್ವಗಂಧ ನಮಗೆ ಅನ್ಯ ಗಿಡವಲ್ಲ. ಕನ್ನಡದಲ್ಲಿ ಅದು ಹಿರೇಮದ್ದಿನ ಗಿಡ, ಹಕೀಮರ ಬಾಯಲ್ಲಿ ಅಸ್ಗಂಧ್. ನಮ್ಮಂಥ ಮಳೆ ಕಡಿಮೆಯ ಒಣ ಸೀಮೆಗೆ ಒಗ್ಗುವ ಗಿಡ. ಅದರ ವೈಜ್ಞಾನಿಕ ಹೆಸರಿನ ಎರಡನೇ ಪದ ‘ಸೋಮ್ನಿಫೆರಾ’. ನಿದ್ದೆ ತರುವಂಥದ್ದು ಎಂದರ್ಥ. ನಿದ್ದೆ ಮತ್ತು ಆತಂಕಕ್ಕೆ ಇದು ಸ್ವಲ್ಪ ಮಟ್ಟಿಗೆ ಸಹಾಯ ಮಾಡಬಹುದೆಂದು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಜೊತೆಗೆ ಎಚ್ಚರಿಕೆಗಳೂ ಇವೆ. ಗರ್ಭಿಣಿಯರು ತೆಗೆದುಕೊಳ್ಳಬಾರದು. ಥೈರಾಯ್ಡ್ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ನಿದ್ದೆಯ ಮಾತ್ರೆ ಸೇವಿಸುವವರಿಗೆ ಇದರಿಂದ ಏರುಪೇರಾಗಬಹುದು. ಅಪರೂಪಕ್ಕೆ ಲಿವರ್‌ಗೆ ಹಾನಿಯಾದ ವರದಿಗಳಿವೆ. 2021ರಲ್ಲಿ ಆಯುಷ್ ಸಚಿವಾಲಯ ಇದರ ಎಲೆಯನ್ನು ಬಳಸಬೇಡಿ, ಬೇರನ್ನೇ ಬಳಸಿ ಎಂದು ತಯಾರಕರಿಗೆ ಸೂಚಿಸಿತು. 2023ರಲ್ಲಿ ಡೆನ್ಮಾರ್ಕ್ ಅಶ್ವಗಂಧವನ್ನು ನಿಷೇಧಿಸಿತು. ಮೆಲಟೋನಿನ್ ಅಂತೂ ಗಿಡಮೂಲಿಕೆಯೇ ಅಲ್ಲ. ನಮ್ಮ ಮಿದುಳಿನ ಗ್ರಂಥಿ ಕತ್ತಲಾದಾಗ ತಾನೇ ಸ್ರವಿಸುವ ಹಾರ್ಮೋನು. ರಾತ್ರಿ ಹನ್ನೆರಡರವರೆಗೆ ಕಣ್ಣಿಗೆ ಮೊಬೈಲಿನ ಬೆಳಕು ಹಿಡಿದು ಅದನ್ನು ತಡೆಯುವವರೂ ನಾವೇ, ಅಂಗಡಿಯಿಂದ ಕೊಂಡು ನುಂಗುವವರೂ ನಾವೇ.

ಹಾಗಾದರೆ ಮಾಡಬೇಕಾದದ್ದೇನು? ಹಿರಿಯರ ಮೆಟ್ಟಿಲನ್ನೇ ಮತ್ತೆ ಹತ್ತೋಣ. ಮೊದಲು ದಿನಚರಿ: ಇಶಾದ ನಂತರ ಮನೆಯಲ್ಲಿ ದೀಪ, ಮೊಬೈಲು, ಮಾತು ಮೂರನ್ನೂ ತಗ್ಗಿಸೋಣ, ಫಜ್ರ್‌ಗೆ ಒಂದೇ ಹೊತ್ತಿಗೆ ಏಳೋಣ. ಎರಡನೆಯದು ಊಟ: ರಾತ್ರಿ ಹಗುರವಾಗಿ, ಬೇಗ ಉಣ್ಣೋಣ, ಸಂಜೆಯ ಮೇಲೆ ಕಾಫಿ, ಚಹಾ ಬೇಡ. ತಲ್ಬೀನಾ ಇರಲಿ, ರಾಗಿ ಅಂಬಲಿ ಇರಲಿ, ದುಃಖದಲ್ಲಿರುವವರ ಪಕ್ಕ ಕೂತು ಕುಡಿಸೋಣ. ಇಷ್ಟಾದ ಮೇಲೂ ಬೇಕೆನಿಸಿದರೆ ಮದ್ದು. ಅದೂ ಅರ್ಹರನ್ನು ಕೇಳಿ. ಯೂನಾನಿಯೇ ಬೇಕೆನ್ನುವವರಿಗೆ ಪದವಿ ಪಡೆದು ನೋಂದಾಯಿಸಿಕೊಂಡ ಹಕೀಮರಿದ್ದಾರೆ. 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯೂನಾನಿ ಸಂಸ್ಥೆ ಬೆಂಗಳೂರಿನ ಮಾಗಡಿ ರಸ್ತೆಯಲ್ಲೇ ಇದೆ. ಈಗಾಗಲೇ ಬಿಪಿ, ಸಕ್ಕರೆ, ಥೈರಾಯ್ಡ್ ಅಥವಾ ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು ಅದನ್ನು ತಾವಾಗಿ ನಿಲ್ಲಿಸಿ ಡಬ್ಬಿಗೆ ಬದಲಾಯಿಸಬಾರದು. ಯಾವ ವೈದ್ಯರ ಬಳಿ ಹೋದರೂ ತೆಗೆದುಕೊಳ್ಳುತ್ತಿರುವ ಚೂರ್ಣ, ಮಾತ್ರೆ, ಎಲ್ಲವನ್ನೂ ಮುಚ್ಚಿಡದೆ ಹೇಳಬೇಕು.

ವಾರಗಟ್ಟಲೆ ನಿದ್ದೆಯಿಲ್ಲದೆ, ಎದೆ ಢವಢವ ಹೊಡೆದುಕೊಂಡು, ಬದುಕೇ ಬೇಡವೆನಿಸುವ ಹಂತ ತಲುಪಿದವರಿಗೆ ಗಂಜಿಯೂ ಸಾಲದು, ಚೂರ್ಣವೂ ಸಾಲದು. ಅವರು ಬಲ್ಖಿ ಹೇಳಿದ ಎರಡನೇ ಬಗೆಯ ದುಃಖದವರಿರಬಹುದು. ಅವರಿಗಾಗಿ ದೂರ ಹೋಗಬೇಕಾಗಿಲ್ಲ. 1985ರಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ಚಿಕಿತ್ಸೆಯ ತರಬೇತಿ ಕೊಟ್ಟು ನೋಡಿತು. ಆ ಮಾದರಿ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರಿಂದ ಟೆಲಿ ಮಾನಸ್ ಎಂಬ ಉಚಿತ ಸರಕಾರಿ ದೂರವಾಣಿ ಸೇವೆಯಿದೆ; 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪ್ರತಿ ಕಾಯಿಲೆಗೂ ಅಲ್ಲಾಹನು ಮದ್ದನ್ನು ಇಳಿಸಿದ್ದಾನೆ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವೆಲ್ಲ ಬಲ್ಲೆವು. ಬಲ್ಖಿ, ಬಿರೂನಿ, ಬೀದರಿನ ವೈದ್ಯರು, ಅಜ್ಮಲ್ ಖಾನ್ ಎಲ್ಲರೂ ಆ ಬೋಧನೆಯನ್ನು ಹುಡುಕುವ ಹೊಣೆಯೆಂದು ತಿಳಿದರು. ಕಂಡದ್ದನ್ನೆಲ್ಲ ನುಂಗುವ ಅನುಮತಿಯೆಂದು ತಿಳಿಯಲಿಲ್ಲ. ಅವರ ಹೆಸರನ್ನು ಹೊತ್ತ ಡಬ್ಬಿ ಕೈಗೆ ಬಂದಾಗ ಅವರು ಕೇಳುತ್ತಿದ್ದ ಪ್ರಶ್ನೆಗಳನ್ನೇ ನಾವೂ ಕೇಳೋಣ: ಇದರಲ್ಲಿ ಏನಿದೆ, ಎಷ್ಟಿದೆ, ಯಾರಿಗೆ ಆಗಿಬರುವುದಿಲ್ಲ, ಪರೀಕ್ಷಿಸಿದವರು ಯಾರು? ಉತ್ತರ ಸಿಗದಿದ್ದರೆ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬರೋಣ. ಮನೆಯಲ್ಲಿ ನಿದ್ದೆಯಿಲ್ಲದೆ ಹೊರಳಾಡುತ್ತಿರುವವರ ಪಕ್ಕದಲ್ಲಿ ಕೂತು, ಏನಾಗಿದೆ ಎಂದು ಇಂದೇ ಕೇಳೋಣ.